ಕತ್ತಲೆಯಲ್ಲಿ ಉರುಳದ ಚೊಂಬು

"ಬಾಯಾರ, ಬಾಗಲಾ ತಗೀರಿ! ನಮ್ಮ ನೀಲಕ್ಕನ್ನ ಊರಾಗಿಂದ ಹೊರಗ ಹಾಕಾಕ ಹೊಂಟಾರ!"

ಶಾರದವ್ವ ಬಾಗಿಲು ಬಡಿದ ರಭಸಕ್ಕೆ ಚಿಲಕವೇ ಕಳಚಿ ಬೀಳುವುದರಲ್ಲಿತ್ತು. ಅನ್ನಪೂರ್ಣಾಬಾಯಿ ಮೆಂತ್ಯದ ಸೊಪ್ಪು ಬಿಡಿಸುತ್ತಲೇ ಎದ್ದು ಬಂದರು. ಯರಗುಪ್ಪಿಯ ಹೆಣ್ಣುಮಕ್ಕಳ ಶಾಲೆಗೆ ಹೆಡ್‌ಬಾಯಿಯಾಗಿದ್ದು ನಿವೃತ್ತರಾದವರು ಅವರು. ಊರಲ್ಲಿ ಏನೇ ಕಳುವಾದರೂ ಪೊಲೀಸರಿಗಿಂತ ಮೊದಲು ಅವರ ಕಟ್ಟೆಗೆ ಸುದ್ದಿ ಬರುತ್ತಿತ್ತು. ಹಾಗಂತ ಊರಿಗೆ ಅವರನ್ನು ಕಂಡರೆ ಪ್ರೀತಿಯೇನೂ ಇರಲಿಲ್ಲ. ಇದ್ದದ್ದು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಜನ ಎಲ್ಲ ಊರಲ್ಲೂ ಇರುತ್ತಾರೆ.

"ಅತ್ಕೋತ ಹೇಳಿದ್ರ ನನಗೇನೂ ತಿಳಿಯೂದಿಲ್ಲ. ಕೂತು ಹೇಳು."

ಶಾರದವ್ವ ಕೂರಲಿಲ್ಲ. ಸಿಟ್ಟು ಕಾಲಿಗೂ ಇಳಿದಿತ್ತು.

ಅದು ಎಂಬತ್ತೈದರ ಮಾತು. ಶಾರದವ್ವನ ಅಕ್ಕನ ಮಗಳು ನೀಲಕ್ಕ ಅದೇ ಊರಿನ ಶಾಲೆಯಲ್ಲಿ ಟೀಚರು. ಬೇಸಿಗೆ ರಜೆಯಲ್ಲಿ ಧಾರವಾಡದ ಶಿಬಿರವೊಂದಕ್ಕೆ ಹೋಗಿ ನಾಟಕ ಆಡಿಸುವುದನ್ನು ಕಲಿತು ಬಂದಿದ್ದಳು. ಯಾರು ಎಲ್ಲಿ ನಿಲ್ಲಬೇಕೆಂದು ಸೀಮೆಸುಣ್ಣದ ಖಡುವಿನಿಂದ ನೆಲದ ಮೇಲೆ ಗೆರೆ ಹೊಡೆಯುವುದು, ಬೆಳಕು ಎಲ್ಲಿ ಬೀಳಬೇಕು, ಪರದೆ ಎಳೆಯದೆ ಕತ್ತಲಲ್ಲೇ ದೃಶ್ಯ ಬದಲಿಸುವುದು ಹೇಗೆ, ಇಂಥವು. ಈ ಸಲ ಊರಿನ ನಾಟಕ ಆಡಿಸುವ ಕೆಲಸ ಅವಳಿಗೇ ಸಿಕ್ಕಿತ್ತು. ಊರಲ್ಲಿ ಮಾತ್ರ ತಲೆತಲಾಂತರದಿಂದ ಆಟ ಕಲಿಸುವವನು ಪೇಟಿ ಮಾಸ್ತರನೇ. ಹಾರ್ಮೋನಿಯಂ ಇಟ್ಟುಕೊಂಡು ರಂಗದ ಎದುರಿಗೆ, ನಟ್ಟನಡುವೆ ಕೂರುತ್ತಿದ್ದ. ಅವನು ತಲೆಯಾಡಿಸಿದರೆ ಮಾತು, ಕೈ ಎತ್ತಿದರೆ ಹಾಡು. ಮಾಸ್ತರ ಹೊಳೆಪ್ಪನ ಆ ಪೇಟಿಯನ್ನು ನೀಲಕ್ಕ ಹಿಂದಿನ ದಿನ ಎತ್ತಿಸಿ ರಂಗದ ಎಡ ಮೂಲೆಗೆ ಇಡಿಸಿದ್ದಳು. ಇಬ್ಬರಿಗೂ ಬಾಯಿಗೆ ಬಾಯಿ ಹತ್ತಿತ್ತು.

"ಇವತ್ತ ಮುಂಜಾನಿ ತಾಲೀಮಿನ್ಯಾಗ ದೀಪ ಆರಿಸಿದ್ರು. ಮತ್ತ ಹಚ್ಚೂದರಾಗ ಪೇಟಿಗೆ ಗಾಳಿ ಊದೂ ತಿದಿ ಯಾರೋ ಬ್ಲೇಡಿಲೆ ಸೀಳಿದ್ರು. ಈಕೀನ ಮಾಡ್ಸ್ಯಾಳ ಅಂತಾರ. ಸಂಜೀಕ ಪಂಚರು ಕೂಡಿ ನಾಟಕಾ ಬಂದ್ ಮಾಡ್ತಾರಂತ. ಈಕೀನ ಬ್ಯಾರೆ ಊರಿಗಿ ಹಾಕಸ್ರಿ ಅಂತ ಸಾಹೇಬ್ರಿಗಿ ಅರ್ಜಿ ಕೊಡ್ತಾರಂತ!"

"ನಡಿ, ಹೋಗೂಣು," ಎಂದರು ಬಾಯಿ.

ತಾಲೀಮು ನಡೆಯುತ್ತಿದ್ದುದು ಮಡಿವಾಳೆಪ್ಪನ ಹತ್ತಿ ಗೋದಾಮಿನಲ್ಲಿ. ಕಿಟಕಿಗಳಿಗೆ ಗೋಣಿತಟ್ಟು ಬಡಿದಿದ್ದರು. ಒಳಗೆ ಕಾಲಿಟ್ಟ ಕೂಡಲೇ ಹೊಳೆಪ್ಪ ಗುಡುಗಿದ. "ನೋಡ್ರಿ ಬಾಯಾರ! ನನ್ನ ಕುಳಿತ ಜಾಗಾದಿಂದ ಎಬ್ಬಿಸಿದ್ದು ಸಾಲದು ಅಂತ ಹೊಟ್ಟಿಗಿ ಹಾಕೋ ಪೇಟೀನ ಕೊಂದ್ಲು!"

"ಅಕಿ ಕೊಂದದ್ದು ನೀ ಕಂಡಿಯೇನಪಾ?" ಎಂದು ಶಾರದವ್ವ ಮೈಮೇಲೆ ಹೋದಳು. ನೀಲಕ್ಕ ಚಿಗವ್ವನ ಕೈ ಹಿಡಿದೆಳೆದಳು. ಅಳು ಬರುತ್ತಿದ್ದರೂ ಅವಳು ಅತ್ತಿರಲಿಲ್ಲ.

ಬಾಯಿ ಪೇಟಿಯ ಕಡೆಗೆ ನಡೆದರು. ದಾರಿ ಸಲೀಸಾಗಿರಲಿಲ್ಲ. ರಂಗದ ನಡುವಿದ್ದ ರಾಜನ ಸಿಂಹಾಸನಕ್ಕೂ ಎಡ ಮೂಲೆಯ ಪೇಟಿಗೂ ನಡುವೆ ಹಿತ್ತಾಳೆ ಚೊಂಬುಗಳು, ಬಿಲ್ಲುಬಾಣದ ಕಟ್ಟು, ಬಣ್ಣದ ಡಬ್ಬಿ ಒತ್ತೊತ್ತಾಗಿ ಇದ್ದವು.

"ಇವು ಬೆಳಿಗ್ಗಿನೂ ಹಿಂಗ ಇದ್ದೂ?"

"ಹೌದ್ರಿ," ಎಂದಳು ನೀಲಕ್ಕ. "ದೀಪ ಹತ್ತಿದಾಗ ಒಂದ ಚೊಂಬೂ ಉರುಳಿರಲಿಲ್ಲ."

"ಆಗ ಯಾರ್ಯಾರು ಎಲ್ಲೆಲ್ಲಿ ಇದ್ರಿ?"

ಒಬ್ಬೊಬ್ಬರೇ ಹೇಳಿದರು. ವಿದ್ಯುತ್ ಕೆಲಸದ ಕುತುಬುದ್ದೀನ ಬಲಗಡೆ ಸ್ವಿಚ್ಚಿನ ಮೇಲೆ ಕೈ ಇಟ್ಟು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ದೀಪ ಮತ್ತೆ ಯಾವಾಗ ಹಚ್ಚಬೇಕೆಂದು ತಿಳಿಯಲು ನೀಲಕ್ಕ ಎದುರಿನ ಬೆಂಚಿನಿಂದ ಗಟ್ಟಿಯಾಗಿ ಎಣಿಸುತ್ತಿದ್ದಳು. ಹೊಳೆಪ್ಪ ಪೇಟಿ ಬಿಟ್ಟು ಹಿಂದೆ ಹೋಗಿ ಗುಡುಗಿನ ಸದ್ದಿಗೆ ತಗಡು ಅಲುಗಿಸುತ್ತಿದ್ದ. ಅದೂ ನೀಲಕ್ಕನೇ ಹೊಸದಾಗಿ ಹಚ್ಚಿದ ಕೆಲಸ. ಸಿಪಾಯಿಯ ಪಾರ್ಟಿನ ಹನಮಂತಪ್ಪ ಬಲಗಡೆ ಕಂಬಕ್ಕೆ ಹಣೆ ಬಡಿದುಕೊಂಡು ಬೈದದ್ದು ಎಲ್ಲರಿಗೂ ಕೇಳಿತ್ತು. ಅವನ ಹಣೆಯ ಮೇಲೆ ಬುಗುಟೆ ಇನ್ನೂ ಇತ್ತು. ಉಳಿದವನು ರಾಜನ ಪಾರ್ಟಿನ ಈರಪ್ಪ, ಮಡಿವಾಳೆಪ್ಪನ ಮಗ.

"ನಾ ಸಿಂಹಾಸನದ ಬಾಜೂಕ ಕಲ್ಲ ನಿಂತಂಗ ನಿಂತಿದ್ದೆ," ಎಂದ ಈರಪ್ಪ. "ಕತ್ತಲಾದ್ರ ನನಗ ಕೈಗೆ ಕೈ ಕಾಣಂಗಿಲ್ಲ. ಮೊದಲ್ನೇ ದಿನಾ ಬಿದ್ದು ಮೊಣಕಾಲ ಕೆತ್ತಿಸಿಕೊಂಡದ್ದು ಎಲ್ಲಾರೂ ನೋಡ್ಯಾರ. ಇಕಿಗೆ ಕಲಸಾಕ ಬಂದಿದ್ರ ತಾನ ನಾ ಕಲೀತಿದ್ದೆ! ಕುಣಿಯಾಕ ಬಾರದಾಕಿ ನೆಲಾ ಡೊಂಕು ಅಂದಂಗ, ಹೊಳೆಪ್ಪ ಕಾಕಾನ ಜಾಗಾ ಸರಿ ಇಲ್ಲ ಅಂತಾಳ."

ಶಾರದವ್ವನಿಗೆ ಅವನ ಬಾಯಿಗೆ ಬಣ್ಣದ ಡಬ್ಬಿಯನ್ನೇ ತುರುಕುವಷ್ಟು ಉರಿಯಿತು. ಬಾಯಿ ಮಾತ್ರ ನೀಲಕ್ಕನನ್ನು ಕೇಳಿದರು. "ಕತ್ತಲ್ಯಾಗ ನಡಿಯೂದು ಹೆಂಗ ಅಂತ ಏನ ಕಲಿಸಿದ್ದಿ?"

"ದೀಪ ಆರೂ ಮುಂಚಿನ ಕಡೀ ಮಾತಿಗೆ ತಲಿ ತಗ್ಗಿಸಿ ಕಣ್ಣ ಮುಚ್ಚಬೇಕ್ರಿ. ದೀಪ ಆರಿದ ಮ್ಯಾಲೆ ತೆರೆದ್ರ ಕತ್ತಲ್ಯಾಗೂ ಕಣ್ಣು ಲಗೂ ಹೊಂದತಾವ. ಯಾರೂ ಮಾಡೂದಿಲ್ರಿ. ನಗ್ತಾರ."

ಬಾಯಿ ಕುತುಬುದ್ದೀನನ ಹತ್ತಿರ ಹೋಗಿ ಏನೋ ಪಿಸುಗುಟ್ಟಿ ಬಂದರು.

ಸಂಜೆ ಪಂಚರು ಅದೇ ಗೋದಾಮಿನಲ್ಲಿ ಸೇರಿದರು. ಮಡಿವಾಳೆಪ್ಪ ನಡುವೆ ಕೂತು, "ಹೆಂಗಸರಿಗೆ ಯಾಕಬೇಕಿತ್ತು ಈ ಉಸಾಬರಿ?" ಎಂದು ಶುರು ಮಾಡಿದ. ಹಿಂದಿನವರು ಹೂಂಗುಟ್ಟಿದರು. ನೀಲಕ್ಕನ ಕಡೆ ಒಬ್ಬನೂ ಕಣ್ಣೆತ್ತಿ ನೋಡಲಿಲ್ಲ.

"ಬೈಯೂದಕ್ಕಿಂತ ಮೊದಲ ಒಂದ ಸಲ ಹಂಗ ಆಡಿ ತೋರಸಲಿ," ಎಂದರು ಬಾಯಿ. "ಬೆಳಿಗ್ಗೆ ನಿಂತ ಜಾಗಾದಾಗ ನಿಲ್ರಿ."

ಎಲ್ಲರೂ ನಿಂತರು. ಹನಮಂತಪ್ಪ ಕೊನೆಯ ಮಾತು ಹೇಳಿದ. "ಪ್ರಭೂ, ಬಿರುಗಾಳಿ ಬಂತು! ಕೋಟೆಯ ದೀಪಗಳೆಲ್ಲಾ ಆರುತ್ತಿವೆ!"

ದೀಪ ಆರಲಿಲ್ಲ. ಕುತುಬುದ್ದೀನ ಸ್ವಿಚ್ಚು ಮುಟ್ಟಿರಲೇ ಇಲ್ಲ. ಝಗಝಗ ಬೆಳಕಿನಲ್ಲಿ ಈರಪ್ಪ ಒಬ್ಬನೇ ತಲೆ ತಗ್ಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕತ್ತಲೆಗಾಗಿ ಕಾಯುತ್ತ ನಿಂತಿದ್ದ. ಯಾರೋ ಕಿಸಕ್ಕನೆ ನಕ್ಕಾಗಲೇ ಅವನು ಕಣ್ಣು ಬಿಟ್ಟಿದ್ದು.

"ಈಗ ಕೇಳ್ರಿ," ಎಂದರು ಬಾಯಿ. "ಬಾಗಲಕ್ಕ ಕುತುಬುದ್ದೀನ ನಿಂತಿದ್ದ, ಹೊರಗಿನವರು ಬಂದಿಲ್ಲ. ಎಣಿಕೆ ಮುಗಿದ ಕೂಡ್ಲೇ ಆತ ದೀಪಾ ಹಚ್ಚಿದ, ಹಂಗಾಗಿ ಆತ ಆ ಕಡೆಯಿಂದ ಈ ಮೂಲಿಗೆ ಬಂದು ಹೋಗಿಲ್ಲ. ನೀಲಕ್ಕನ ದನಿ ಬೆಂಚಿನಿಂದನ ಕೇಳತಿತ್ತು. ತಗಡಿನ ಸದ್ದು ನಿಂತಿಲ್ಲ, ಅಂದ್ರ ಹೊಳೆಪ್ಪನ ಕೈ ಖಾಲಿ ಇರಲಿಲ್ಲ. ಹನಮಂತಪ್ಪ ಆ ಬದೀ ಕಂಬಕ್ಕ ಹಣಿ ಬಡ್ಕೊಂಡ. ಬ್ಲೇಡು ಎಲ್ಲಾರ ಬಣ್ಣದ ಪೆಟ್ಟಿಗ್ಯಾಗೂ ಅದ, ಅದರಿಂದ ಏನೂ ತಿಳಿಯೂದಿಲ್ಲ. ಉಳಿದಾವ ಈರಪ್ಪ. ಆದ್ರ ಆತಗ ಕತ್ತಲ್ಯಾಗ ನಡಿಯಾಕ ಬರೂದಿಲ್ಲಂತ. ಬರ್ತದೋ ಇಲ್ಲೋ, ನೀವ ನೋಡಿದ್ರಿ. ದೀಪ ಆರೂ ಮುಂಚೆ ಕಣ್ಣ ಮುಚ್ಚೂದು ಕತ್ತಲ್ಯಾಗ ನಡಿಯಾಕ ನೀಲಕ್ಕ ಕಲಿಸಿದ ಪಾಠ. ಒಂದ ಸಲಕ್ಕ ಆಗೂ ರೂಢಿ ಅಲ್ಲ ಅದು. ಕದ್ದು ಕದ್ದು ಕಲಿತಾನ."

"ಸುಳ್ಳ!" ಎಂದ ಈರಪ್ಪ. ದನಿಯಲ್ಲಿ ರಾಜನ ಗತ್ತು ಇರಲಿಲ್ಲ.

"ಅಕಿಗೆ ಕಲಸಾಕ ಬರೂದಿಲ್ಲ ಅಂದಿ. ಅಷ್ಟು ಚೊಂಬಿನ ನಡುವ ಒಂದೂ ಮುಟ್ಟದ ಹೋಗಿ ಬಂದ್ಯಲ್ಲ, ಅದನ್ನ ನಿನಗ ಯಾರು ಕಲಿಸಿದ್ರು?"

ಈರಪ್ಪ ಒಮ್ಮೆಲೇ ಸಿಡಿದ. "ಇಷ್ಟ ವರ್ಷ ರಾಜನ ಪಾರ್ಟು ಮಾಡಿದಾವ ನಾನು! ನಾಟಕಾ ನಾ ಆಡಸ್ತೀನಿ ಅಂದ್ರ ಬ್ಯಾಡಂದ್ರು. ಒಬ್ಬ ಹೆಂಗಸು ಖಡುವಿನಿಂದ ಗೆರಿ ಹೊಡದು 'ಇಲ್ಲಿ ನಿಲ್ಲು' ಅಂದ್ರ ನಿಲ್ಲಬೇಕ? ಪೇಟಿ ಹರದ್ರ ತಪ್ಪು ಅಕೀ ಮ್ಯಾಲೆ ಬರ್ತದ, ಅಕಿ ಹೋಗ್ತಾಳ ಅಂತ ಮಾಡಿದೆ."

ಹೊಳೆಪ್ಪ ಕೈಯಲ್ಲಿದ್ದ ತಗಡನ್ನು ಎತ್ತಿಕೊಂಡೇ ನುಗ್ಗಿದ. ನಾಲ್ಕು ಜನ ಹಿಡಿದರು. ಶಾರದವ್ವ ಹಿಡಿಯಲಿಲ್ಲ, ಒಂದು ಏಟಾದರೂ ಬೀಳಲಿ ಎಂದೇ ಅವಳ ಆಸೆ.

ಮಡಿವಾಳೆಪ್ಪ ಎದ್ದು ನಿಂತ. "ಆದದ್ದು ಆತು. ಆಟಾ ಬಂದ್. ಎಲ್ಲಾರೂ ಮನಿಗಿ ನಡೀರಿ."

"ಬಂದ್ ಯಾಕ್ರಿ?" ನೀಲಕ್ಕ ಪಂಚರೆದುರು ಮೊದಲ ಸಲ ದನಿ ಎತ್ತಿದಳು. "ತಪ್ಪು ನಂದಲ್ಲ ಅಂತ ಗೊತ್ತಾದ ಮ್ಯಾಲೂ ನನ್ನ ಆಟಾನ ನಿಲ್ಲಬೇಕೇನ್ರಿ?"

ಉತ್ತರ ಕೊಟ್ಟವನು ಹೊಳೆಪ್ಪ. "ಆಟಾ ಆಗ್ಲಿ. ನನಗ ಪೇಟಿ ತಂದ ಕೊಡ್ರಿ, ಮೂಲ್ಯಾಗ ಕುಂತ ನುಡಸ್ತೀನಿ. ಒಪ್ಪಿ ಕುಂಡ್ರತೀನಿ ಅಂತ ಮಾತ್ರ ತಿಳೀಬ್ಯಾಡ್ರಿ. ಮತ್ತ ಈ ಹಲ್ಕಟ್‌ನ ತಗದ ಒಗೀರಿ."

"ಇಲ್ರಿ ಕಾಕಾ. ರಾಜನ ಪಾರ್ಟು ಬ್ಯಾರೆ ಯಾರಿಗೂ ಬಾಯಿಪಾಠ ಆಗಿಲ್ಲ," ಎಂದಳು ನೀಲಕ್ಕ. ಈರಪ್ಪನ ಕಡೆ ತಿರುಗಿದಳು. "ನಾಳೆ ಮೊದಲ ಬಸ್ಸಿಗೆ ಕುಂದಗೋಳಕ್ಕ ಹೋಗಿ ಬ್ಯಾರೆ ಪೇಟಿ ಹೊತ್ಕೊಂಡ ಬಾ. ತಂದು ಮಾಸ್ತರ ಮುಂದ ಇಟ್ಟು, ಖಡುವಿನ ಗೆರೀ ಮ್ಯಾಲೆ ಬಂದು ನಿಲ್ಲು. ಊರೆಲ್ಲಾ ನೋಡ್ಲಿ."

ಈರಪ್ಪ ಅಪ್ಪನ ಮುಖ ನೋಡಿದ. ಮಡಿವಾಳೆಪ್ಪ ಆಗಲೇ ಬಾಗಿಲ ಕಡೆ ಹೆಜ್ಜೆ ಹಾಕಿದ್ದ.

"ಬಸ್ಸು ಎಷ್ಟಕ್ಕ?" ಎಂದ ಈರಪ್ಪ, ನೆಲ ನೋಡುತ್ತಲೇ.

"ಅದನ್ನ ನೀನ ಕೇಳ್ಕೋ," ಎಂದಳು ನೀಲಕ್ಕ. "ತಡಾ ಆಗಬಾರದು."