ಮಿಷನ್ ಬಂತು, ಬಾಗಿಲು ಮುಚ್ಚಿತು

"ಇಳಿಸಬೇಡಿ! ದಯವಿಟ್ಟು ವಾಪಸ್ ತಗೊಂಡು ಹೋಗಿ!"

ಕೋಮಲಳ ಕೂಗಿಗೆ ಹುಲ್ಲಹಳ್ಳಿಯ ಆ ಬೀದಿಯೇ ತಿರುಗಿ ನೋಡಿತು. ವ್ಯಾನಿನಿಂದ ಹೊಸ ಹೊಲಿಗೆ ಮಿಷನ್ ಇಳಿಸುತ್ತಿದ್ದ ಜಗನ್ ಕಕ್ಕಾಬಿಕ್ಕಿಯಾದ.

ಅವನು ನಂಜನಗೂಡಿನ ಕ್ರೈಸ್ತ ಸೇವಾ ಸಂಸ್ಥೆಯವನು. ಬೀದಿಯ ಮಕ್ಕಳಿಗೆ ಸಂಜೆ ಪಾಠ ಹೇಳಲು ಬಂದು ತಿಂಗಳಷ್ಟೇ ಆಗಿತ್ತು. ಕ್ರಿಸ್‌ಮಸ್‌ಗೆ ಮೊದಲು ಪ್ರತಿ ತಾಯಿಯೂ ತನಗೆ ಬೇಕಾದದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಡುವುದು ಆ ಸಂಸ್ಥೆಯ ಪದ್ಧತಿ. ಸಿಕ್ಕವರಿಗೆ ಸಿಕ್ಕಷ್ಟು. ಈ ಸಲ ಮಿಷನ್ ಕೇಳಿದವಳು ಕೋಮಲ ಒಬ್ಬಳೇ.

"ನೀವೇ ಬರೆದಿದ್ರಲ್ಲ...?" ಎಂದ ಜಗನ್.

ಅಷ್ಟರಲ್ಲಿ ಅತ್ತೆ ಮುದ್ದಮ್ಮ ಹೊರಗೆ ಬಂದಳು. ಮಿಷನ್ ನೋಡಿದ್ದೇ ತಡ, ಮುಖ ಊರಗಲ ಆಯಿತು.

"ಒಳ್ಳೇ ಕೆಲ್ಸ ಮಾಡ್ದೆ ಕಣಪ್ಪ! ಆಚೆ ಕೆಲ್ಸುಕ್ ಓಗ್ತೀನಿ, ಓಗ್ತೀನಿ ಅಂತ ವರ್ಸದಿಂದ ತಲೆ ತಿಂತಿದ್ಲು. ಇನ್ನು ಮನೇಲೆ ಕೂತ್ಕಂಡು ಒಲೀಲಿ. ಒಸ್ಲು ದಾಟೋ ಮಾತೇ ಇಲ್ಲ!"

ಮಿಷನ್ ನಡುಮನೆ ಸೇರಿತು. ಕೋಮಲ ಜಗನ್‌ನನ್ನು ಒಮ್ಮೆ ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚು ಸೋಲಿತ್ತು. 'ಇದ್ದ ಒಂದು ದಾರೀನೂ ನೀನೇ ಮುಚ್ಚಿಬಿಟ್ಟೆಯಲ್ಲ ಪುಣ್ಯಾತ್ಮ...' ಎಂದುಕೊಂಡು ಒಳಗೆ ಹೋದಳು.

ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಇಪ್ಪತ್ತೇಳರ ಕೋಮಲ ಒಬ್ಬಳೇ ಸಂತೆಗೆ ಹೋಗುವಂತಿರಲಿಲ್ಲ, ತವರಿಗೆ ಫೋನು ಮಾಡಿದರೆ ಅತ್ತೆ ಪಕ್ಕದಲ್ಲೇ ಕೂರುತ್ತಿದ್ದಳು. 'ಹೋಗಬೇಕಾದರೆ ಹೋಗು, ಮಗು ಬಿಟ್ಟು ಹೋಗು' ಎನ್ನುವುದು ಆ ಮನೆಯ ಕಾನೂನು. ಆರು ವರ್ಷದ ಸಿಂಧುವನ್ನು ಬಿಟ್ಟು ಹೋಗುವುದಾದರೂ ಎಲ್ಲಿಗೆ?

ಮರುದಿನ ಸಂಜೆ ಮಗಳನ್ನು ಕರೆತರಲು ಅದೇ ಬೀದಿಯ ಪಾಠದ ಮನೆಗೆ ಹೋದಾಗ ಜಗನ್ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಅವಳ ಚೀಟಿ.

"ತಪ್ಪು ನಂದೇ ಕಣ್ರೀ. ಲಿಸ್ಟ್ ಮಾಡೋವಾಗ ಮೇಲಿನ ಸಾಲು ಮಾತ್ರ ಬರ್ಕೊಂಡೆ. ಕೆಳಗೆ ಬರೆದಿದ್ದನ್ನ ಇವತ್ತು ಓದ್ದೆ."

ಕೆಳಗೆ ಅವಳು ಬರೆದದ್ದು ಇಷ್ಟೇ: 'ಈ ಮನೆಗೆ ತರಬೇಡಿ. ಟಿ. ನರಸೀಪುರದಲ್ಲಿ ನಿಮ್ಮದೇ ಹೊಲಿಗೆ ಕೇಂದ್ರ ಇದೆಯಂತೆ, ತಾಯಿ ಮಕ್ಕಳಿಗೆ ರೂಮೂ ಇದೆಯಂತೆ. ಅಲ್ಲಿಡಿ. ನಾನು ಹೇಗಾದರೂ ಬರುತ್ತೇನೆ.'

ಕೋಮಲಳ ಕಣ್ಣು ತುಂಬಿತು. "ಈಗ ಓದಿ ಏನು ಬಂತು ಸರ್?"

"ಮಗೂನ ಕರ್ಕೊಂಡು ಹೊರಟ್ರೆ ತಡೆಯೋರು ಯಾರು?"

"ಕಾಗದ ಇದೆ ಸರ್. ನಮ್ಮನೆಯವರು ತೀರಿಕೊಂಡ ಹದಿಮೂರನೇ ದಿನ ಬೀದಿ ಯಜಮಾನರು ಕೂತು ಬರೆಸಿದ್ರು. ಕೋಮಲ ಎಲ್ಲಿಗೆ ಹೋದ್ರೂ ಮಗು ಅಜ್ಜಿ ಮನೇಲೇ ಇರಬೇಕು ಅಂತ. ನಾನೇ ಸೈನ್ ಹಾಕಿದ್ದೀನಿ."

"ಅಯ್ಯೋ, ಅದು ಕೋರ್ಟಿನ ಕಾಗದ ಅಲ್ಲ ಕಣ್ರೀ! ಹೆತ್ತ ತಾಯಿ ನೀವು!"

"ನಮ್ಮ ಬೀದೀಲಿ ಯಜಮಾನರು ಹೇಳಿದ್ದೇ ಕೋರ್ಟು ಸರ್."

"ನಾನು ಅವರ ಹತ್ರ ಮಾತಾಡ್ತೀನಿ..."

"ಬೇಡ!" ಅವಳ ದನಿ ಗಟ್ಟಿಯಾಯಿತು. "ಕೇಳದೆ ಒಂದು ಉಪಕಾರ ಮಾಡಿದ್ದೀರಿ. ಅಷ್ಟು ಸಾಕು."

ಅಂದಿನಿಂದ ಜಗನ್‌ಗೆ ಕೇಳುವ ಹುಚ್ಚು ಹಿಡಿಯಿತು! ಸಿಂಧುಗೆ ಬಿಸ್ಕತ್ ಕೊಡಲಾ? ಬ್ಯಾಗ್ ಹಿಡಿದುಕೊಳ್ಳಲಾ? ಗೇಟಿನವರೆಗೆ ಬರಲಾ? ಕೋಮಲ ಮೊದಮೊದಲು ಮುಖ ಗಂಟಿಕ್ಕಿದಳು. ಒಂದು ಸಂಜೆ, "ಉಸಿರಾಡೋಕೂ ಕೇಳ್ತೀರೇನೋ!" ಎಂದು ನಕ್ಕೇಬಿಟ್ಟಳು. ಮೂರು ವರ್ಷದಲ್ಲಿ ತಾನು ಹೀಗೆ ನಕ್ಕಿರಲಿಲ್ಲ ಎಂಬುದು ನೆನಪಾಗಿ ಅವಳಿಗೇ ಭಯವಾಯಿತು.

ಬೀದಿ ಸುಮ್ಮನಿರುತ್ತದೆಯೇ? ಮುದ್ದಮ್ಮನ ಕಿವಿಗೆ ಬಿತ್ತು.

"ಆ ಪಾದ್ರಿ ಕಡೆಯೋನ ಜೊತೆ ಏನೇ ನಗು? ಜಾತಿ ಕೆಡುಸ್ತಾರೆ ಕಣೇ!"

"ಅವರೂ ನಮ್ಮವರೇ ಅತ್ತೆ. ಬುದ್ಧವಿಹಾರಕ್ಕೆ ಹೋಗೋರು. ಚಿಕ್ಕೋರಿದ್ದಾಗ ಆ ಸಂಸ್ಥೆಯೋರೇ ಓದ್ಸಿದ್ದಂತೆ, ಯಾರೂ ಜಾತಿ ಕೆಡುಸ್ಲಿಲ್ಲವಂತೆ."

"ಓಹೋ, ಅಷ್ಟೆಲ್ಲ ಮಾತಾಗ್ಬುಟ್ಟದೋ!" ಮರುದಿನದಿಂದ ಸಿಂಧುವನ್ನು ಕರೆತರಲು ಅತ್ತೆಯೇ ಹೋಗತೊಡಗಿದಳು. ಕೋಮಲ ನಡುಮನೆಯಲ್ಲಿ ಕೂತು ಊರವರ ಹರಿದ ಬಟ್ಟೆ ಹೊಲಿದಳು. ಹೊಲಿದದ್ದೇ ಹೊಲಿದದ್ದು. ಗೋಡೆಗಳು ದಿನಕ್ಕೊಂದು ಗೇಣು ಹತ್ತಿರ ಬರುತ್ತಿವೆ ಎನಿಸುತ್ತಿತ್ತು.

ಆದರೆ ಕ್ರಿಸ್‌ಮಸ್ ದಿನ ಚರ್ಚಿನಲ್ಲಿ ಕೊಡುವ ಉಡುಗೊರೆಗೆ ಒಂದು ನಿಯಮವಿತ್ತು. ಅಕ್ಕಿ, ಕಂಬಳಿ, ಮಗುವಿನ ಬಟ್ಟೆ ಎಲ್ಲವನ್ನೂ ಮಗುವಿನ ಎದುರು ತಾಯಿಯ ಕೈಗೇ ಕೊಡುತ್ತಿದ್ದರು. ಅಕ್ಕಿಯ ಆಸೆಗೆ ಮುದ್ದಮ್ಮ ಸೊಸೆ, ಮೊಮ್ಮಗಳನ್ನು ಕರೆದುಕೊಂಡು ತಾನೇ ಕಾವಲಾಗಿ ನಂಜನಗೂಡಿಗೆ ಹೊರಟಳು.

ಚರ್ಚಿನ ಅಂಗಳದಲ್ಲಿ ಬಾಲಯೇಸುವಿನ ಗೋದಲಿ ಕಟ್ಟಿದ್ದರು. ಬೆಳಗಿನ ಬಿಸಿಲಲ್ಲಿ ನೂರಾರು ಮಕ್ಕಳು ಕೇಕ್ ತಿನ್ನುತ್ತಿದ್ದರು. ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಶಾಲು ಹೊದಿಸಿಕೊಂಡು ಕೂತಿದ್ದವರು ಬೀದಿಯ ಯಜಮಾನ ಮಂಟೇಸ್ವಾಮಿ.

ಕೋಮಲಳ ಹೆಸರು ಕೂಗಿ ವೇದಿಕೆಗೆ ಕರೆದರು. ಸಂಸ್ಥೆಯ ಸಿಸ್ಟರ್ ಜಪಮಾಲೆಯವರು ಕಂಬಳಿಯನ್ನು ಅವಳ ಕೈಗಿಟ್ಟು, "ದೇವರು ಒಳ್ಳೇದು ಮಾಡ್ಲಿ ಮಗಳೇ" ಎಂದರು. ಮಗಳೇ ಎಂದು ಅವಳನ್ನು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತು!

ಕೋಮಲ ವೇದಿಕೆಯಿಂದ ಕೆಳಗಿಳಿಯಲಿಲ್ಲ. ದೂರದಲ್ಲಿ ಜಗನ್ ಉಸಿರು ಬಿಗಿಹಿಡಿದು ನಿಂತಿದ್ದ, ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಅದೇ ಅವಳಿಗೆ ಧೈರ್ಯ ಕೊಟ್ಟಿತು.

"ಯಜಮಾನ್ರೇ, ಅವತ್ತು ನನ್ನ ಕೈಲಿ ಸೈನ್ ಹಾಕಿಸ್ಕೊಂಡ್ರಲ್ಲ... ಆ ಕಾಗದ ಕೋರ್ಟಿಗೆ ನಡೆಯುತ್ತಾ?"

ಮಂಟೇಸ್ವಾಮಿ ಶಾಲು ಸರಿಮಾಡಿಕೊಂಡರು.

"ಇಲ್ಲ ಕಣವ್ವ... ಅವತ್ತು ಮುದ್ದಮ್ಮ ಬಾವಿಗ್ ಬೀಳ್ತೀನಿ ಅಂತಿದ್ಲು. ಅವಳ ಜೀವ ಉಳೀಲಿ ಅಂತ ಬರುಸ್ದೊ. ನೀನು ಇಷ್ಟು ದಿನ ಅದುಕ್ಕೇ ಎದ್ರಿದ್ದಾ? ನೀನು ಕೇಳ್ನಿಲ್ಲ, ನಾವೂ ಯೋಳ್ನಿಲ್ಲ. ತೆಪ್ಪಾಯ್ತು."

ಮೂರು ವರ್ಷ! ಇಲ್ಲದ ಬೀಗಕ್ಕೆ ಹೆದರಿ ಮೂರು ವರ್ಷ!

ಮುದ್ದಮ್ಮ ಕುಸಿದು ಕೂತಳು. "ನನ್ ಮಗನ ಮೊಕ ಇರೋದು ಆ ಮಗೀಲಿ ಕಣೇ... ಅದ್ನೂ ಕರ್ಕಂಡ್ ಓದ್ರೆ ನಾನ್ ಯಾರ ಮೊಕ ನೋಡ್ಲೇ?"

ಕೋಮಲಳಿಗೂ ಅಳು ಬಂತು. ಅತ್ತೆಯ ಪಕ್ಕ ಕೂತು ಕೈ ಹಿಡಿದಳು.

"ನೋಡೋಕೆ ಟಿ. ನರಸೀಪುರಕ್ಕೆ ಬನ್ನಿ ಅತ್ತೆ, ಬಸ್ಸಿದೆ. ಎಷ್ಟು ದಿನ ಬೇಕಾದ್ರೂ ಇರಿ. ಮಗೂನ ತೋರ್ಸಿ ನನ್ನ ಕಟ್ಟಿಹಾಕ್ಬೇಡಿ, ಅಷ್ಟೇ."

ಮುದ್ದಮ್ಮ ಮೊಮ್ಮಗಳ ಕೆನ್ನೆಯ ಕೇಕ್ ಒರೆಸಿ, "ಓಗ್ಲಿ ಬುಡು, ಅಳ್ಬ್ಯಾಡ ಅಂತ ಯೋಳು ನಿಮ್ಮವ್ವುಂಗೆ" ಎಂದಳು.

ಹೊಸ ವರ್ಷದ ಮೊದಲ ವಾರ ಟಿ. ನರಸೀಪುರದ ಹೊಲಿಗೆ ಕೇಂದ್ರದ ಪುಟ್ಟ ರೂಮಿಗೆ ಮಿಷನ್ ಸಮೇತ ಸಾಮಾನು ಬಂತು. ಸಿಂಧು ಒಳಗೆ ಕುಣಿಯುತ್ತಿದ್ದಳು. ಸಾಮಾನು ಇಳಿಸಿ ಹೊರಟ ಜಗನ್ ಹೊಸ್ತಿಲಲ್ಲೇ ನಿಂತ.

"ಕೋಮಲ ಅವ್ರೇ... ನೀವಂದ್ರೆ ನನಗೆ ತುಂಬಾ ಇಷ್ಟ. ಸಿಂಧು ಅಂದ್ರೂ."

ಅವಳು ತಲೆತಗ್ಗಿಸಿದಳು. "ಈಗಲೇ ಹ್ಞೂಂ ಅಂದ್ರೆ ಆ ಮನೆಯಿಂದ ಈ ಮನೆಗೆ ಸಾಗಿಸಿದ ಹಾಗಾಗುತ್ತೆ. ಒಂದಷ್ಟು ದಿನ ನನ್ನ ಬಾಗಿಲು ನಾನೇ ಹಾಕಿ, ನಾನೇ ತೆಗೀಬೇಕು."

"ಎಷ್ಟು ದಿನ?"

"ಯುಗಾದಿವರೆಗೆ."

"ಆಮೇಲೆ ಬಂದು ಕೇಳ್ಲಾ?"

"ಕೇಳೋದೇನೂ ಬೇಡ, ಊಟಕ್ಕೆ ಬನ್ನಿ. ನನಗೂ ನೀವಂದ್ರೆ ಇಷ್ಟ ಅಂತ ಅವತ್ತು ನಾನೇ ಹೇಳ್ತೀನಿ..."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು!

ಜಗನ್ ಮುಖ ಅರಳಿತು. "ಇವತ್ತೇ ಹೇಳ್ಬಿಟ್ರಲ್ಲ!"

"ಹೇಳ್ದೆ, ಏನೀಗ?" ಕೆನ್ನೆ ಕೆಂಪಾದರೂ ಕೋಮಲ ಈ ಸಲ ಕಣ್ಣು ತಗ್ಗಿಸಲಿಲ್ಲ. "ಯುಗಾದಿಗೆ ಇನ್ನೊಂದ್ಸಲ ಹೇಳ್ತೀನಿ. ಬನ್ನಿ."