ಅಣ್ಣನಿಗೆ ನೋಡಿದ ಹುಡುಗಿ

"ನಿಮ್ಮಣ್ಣನಿಗೆ ಹೇಳ್ಬಿಡ್ರೀ... ನಂಗೆ ಈ ಮದುವೆ ಬೇಡ!"

ಕುಬಟೂರಿನ ಆ ಮನೆಯ ಹಿತ್ತಲಲ್ಲಿ, ಕೈ ತೊಳೆಯಲು ನೀರು ಹಾಕುತ್ತಾ ಮೈತ್ರಿ ಪಿಸುಗುಟ್ಟಿದಳು. ಒಳಗೆ ನಡುಮನೆಯಲ್ಲಿ ಹಿರಿಯರೆಲ್ಲ ನಗುತ್ತಾ ಉಪ್ಪಿಟ್ಟು ತಿನ್ನುತ್ತಿದ್ದರು.

ನಯನ ತಬ್ಬಿಬ್ಬಾದಳು. ಅಣ್ಣ ತೀರ್ಥೇಶನಿಗೆ ಹುಡುಗಿ ನೋಡಲೆಂದು ಶಿಕಾರಿಪುರದಿಂದ ಮನೆಯವರೆಲ್ಲ ಬಂದಿದ್ದರು.

"ಬೇರೆ ಯಾರನ್ನಾದ್ರೂ ಇಷ್ಟಪಟ್ಟಿದೀರಾ?"

"ಯಾರೂ ಇಲ್ಲ. ನಿಮ್ಮಣ್ಣ ಒಳ್ಳೆಯವರೇ ಇರಬಹುದು. ಆದ್ರೆ ನಂಗೆ... ಗಂಡಸರ ಮೇಲೆ ಆ ಮನಸ್ಸೇ ಬರಲ್ಲ ಕಣ್ರೀ."

ನಯನ ಕೈ ತೊಳೆಯುವುದನ್ನೇ ಮರೆತು ಅವಳನ್ನೇ ನೋಡಿದಳು.

ಕಾಲೇಜಿನ ದಿನಗಳಿಂದ ತಾನು ತನಗೇ ಹೇಳಿಕೊಳ್ಳಲು ಹೆದರಿದ ಮಾತು ಅದು! ಇವಳು ಗುರುತಿಲ್ಲದವಳ ಎದುರು ಅದನ್ನು ಹೇಳಿ, ತಲೆ ಎತ್ತಿ ನಿಂತಿದ್ದಾಳೆ.

ಮನೆಗೆ ಬಂದ ಮೇಲೆ ನಯನ, "ಹುಡುಗಿಗೆ ಮನಸ್ಸಿಲ್ಲ ಅಣ್ಣ" ಎಂದಷ್ಟೇ ಹೇಳಿದಳು. ತೀರ್ಥೇಶ ಒಂದೆರಡು ದಿನ ಮುಖ ಸಣ್ಣ ಮಾಡಿಕೊಂಡು ಓಡಾಡಿದ. ಮರುವರ್ಷ ಧನಲಕ್ಷ್ಮಿಯನ್ನು ಮದುವೆಯಾಗಿ ಗೊಬ್ಬರದ ಅಂಗಡಿಯ ಗಡಿಬಿಡಿಯಲ್ಲಿ ಎಲ್ಲವನ್ನೂ ಮರೆತ.

ನಯನ ಮರೆಯಲಿಲ್ಲ.

ಮೈತ್ರಿ ಸೊರಬದ ಶಾಲೆಯಲ್ಲಿ ಟೀಚರ್. ನಯನಳಿಗೆ ಶಿಕಾರಿಪುರದ ಸೊಸೈಟಿಯಲ್ಲಿ ಕೆಲಸ. ಮೊದಲು ಫೋನು, ಆಮೇಲೆ ಭಾನುವಾರದ ಬಸ್ಸು. 'ರೀ' ಹೋಗಿ 'ನೀನು' ಬಂತು. ಒಂದು ಸಂಜೆ ಮೈತ್ರಿ ಅವಳ ಅಂಗೈ ಹಿಡಿದು, "ನೀನಿಲ್ದೆ ನಂಗೆ ವಾರ ಕಳೆಯಲ್ಲ ಕಣೇ" ಎಂದಾಗ ನಯನ ಅತ್ತೇ ಬಿಟ್ಟಳು. ಸುಖಕ್ಕೋ, ಭಯಕ್ಕೋ... ಅವಳಿಗೇ ತಿಳಿಯಲಿಲ್ಲ.

ಕೆಟ್ಟದ್ದು ನಡೆದದ್ದು ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ. ಇಬ್ಬರೂ ಕೈ ಕೈ ಹಿಡಿದು ನಿಂತಿದ್ದಾಗ ತೀರ್ಥೇಶನ ಬೈಕು ಎದುರಿಗೇ ಬಂತು. ನಯನ ಬೆಂಕಿ ತಾಗಿದಂತೆ ಕೈ ಕಿತ್ತುಕೊಂಡಳು.

"ಇವರು ಕುಬಟೂರಿನವರಲ್ವಾ? ನಿನಗೆ ಹೆಂಗೆ..."

"ಈಗಷ್ಟೇ ಸಿಕ್ಕಿದ್ರು ಅಣ್ಣ. ಅಷ್ಟೇನೂ ಪರಿಚಯ ಇಲ್ಲ. ನಡಿ, ಹೋಗೋಣ. ಸಂಜೆ ಗಂಡಿನ ಕಡೆಯವರಿಗೆ ಫೋನ್ ಮಾಡ್ಬೇಕು ಅಂದ್ಯಲ್ಲ."

ಗಂಡು!

ಮೈತ್ರಿಯ ಮುಖ ಬಿಳಿಚಿಕೊಂಡಿತು. ಶಿರಾಳಕೊಪ್ಪದಿಂದ ಒಂದು ಸಂಬಂಧ ಬಂದಿದೆ ಎಂದು ನಯನ ಅವಳಿಗೆ ಹೇಳಿಯೇ ಇರಲಿಲ್ಲ. ಹೇಗಾದರೂ ತಪ್ಪಿಸಿ, ಆಮೇಲೆ ಹೇಳಿದರಾಯಿತು ಎಂದುಕೊಂಡಿದ್ದಳು.

ಆ ರಾತ್ರಿ ಬಂದದ್ದು ಒಂದೇ ಮೆಸೇಜು. 'ಒಪ್ಕೊಂಡಿದೀಯಾ ಅಂತ ಅರ್ಥ ಆಯ್ತು. ಇಲ್ಲ ಅನ್ನೋದಾದ್ರೆ ಮೊದಲು ಮನೇಲಿ ಹೇಳು. ಅಲ್ಲೀವರೆಗೆ ಫೋನ್ ಬೇಡ.'

ನಯನ ಎಷ್ಟು ಸಲ ಫೋನ್ ಮಾಡಿದರೂ ಮೈತ್ರಿ ಎತ್ತಲಿಲ್ಲ.

ಗಂಡಿನ ಕಡೆಯವರು ಬರುವ ದಿನ ಬೆಳಿಗ್ಗೆ, ತಾಯಿ ದುರ್ಗಮ್ಮ ನಯನಳ ಜಡೆಗೆ ಹೂವು ಮುಡಿಸಲು ಬಂದಳು.

"ಅವ್ವಾ, ಬೇಡ... ನಾನು ಯಾವ ಗಂಡನ್ನೂ ಮದುವೆಯಾಗಲ್ಲ. ನಾನು ಮೈತ್ರೀನ ಪ್ರೀತಿಸ್ತೀನಿ."

"ಯಾವ ಮೈತ್ರಿ?"

"ಅಣ್ಣನಿಗೆ ನೋಡಿದ್ವಲ್ಲ... ಆ ಹುಡುಗಿ."

ದುರ್ಗಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಹೂವನ್ನು ಅಲ್ಲೇ ಇಟ್ಟು ನೆಲಕ್ಕೆ ಕುಸಿದಳು.

"ಹೆಣ್ಣು ಹೆಣ್ಣು... ಏನೇ ಇದು? ಜನ ಏನಂತಾರೆ? ಹೊರಗೆ ಯಾರಿಗೂ ಹೇಳಿಲ್ಲ ತಾನೇ?"

ಬಾಗಿಲಲ್ಲಿ ಅಪ್ಪ ಹುಚ್ಚರಾಯಪ್ಪ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು! ಚಪ್ಪಲಿ ಮೆಟ್ಟಿ ಹೊರಟುಹೋದರು. ಅವರು ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ನಯನಳಿಗೆ.

ಅವರ ಹಿಂದೆಯೇ ಇದ್ದ ತೀರ್ಥೇಶ ಮುಂದೆ ಬಂದ. "ಅವಳು ನನ್ನ ಬೇಡ ಅಂದಿದ್ದು... ನಿನಗೋಸ್ಕರ ಏನೇ? ನನ್ನನ್ನ ಕೂರಿಸಿ ಇಬ್ರೂ ನಾಟಕ ಆಡಿದ್ರಾ?"

"ದೇವರಾಣೆ ಇಲ್ಲ ಅಣ್ಣ! ನಾನು ಅವಳ ಮುಖ ನೋಡಿದ್ದೇ ಅವತ್ತು. ಅವಳು ನಿನಗೆ ಮೋಸ ಮಾಡಬಾರದು ಅಂತಲೇ ಬೇಡ ಅಂದಿದ್ದು. ಹೂಂ ಅಂದಿದ್ರೆ, ಜೀವನಪೂರ್ತಿ ನಿನ್ನ ಪಕ್ಕ ಸುಳ್ಳು ನಗು ನಗ್ತಾ ಇರ್ತಿದ್ಲು. ಈಗ ನಾನೂ ಯಾರದೋ ಮನೆಗೆ ಹೋಗಿ ಅದನ್ನೇ ಮಾಡ್ಲಾ... ಹೇಳು?"

ಒಳಗೆ ಧನಲಕ್ಷ್ಮಿ ಪಾತ್ರೆ ಜೋಡಿಸುವ ಸದ್ದು. ತೀರ್ಥೇಶ ಅತ್ತ ಒಮ್ಮೆ ನೋಡಿದ. ಆಮೇಲೆ ಫೋನ್ ತೆಗೆದು, "ಬರಬೇಡ್ರಿ... ನಮ್ಮ ಹುಡುಗಿಗೆ ಇಷ್ಟ ಇಲ್ಲ. ತಪ್ಪು ತಿಳ್ಕೋಬೇಡ್ರಿ" ಎಂದ.

ಫೋನ್ ಇಟ್ಟು ತಂಗಿಯತ್ತ ತಿರುಗಿದ.

"ನಂಗಿದು ಅರ್ಥ ಆಗಿಲ್ಲ ನಯನ. ಒಪ್ಪಿದೀನಿ ಅಂತಾನೂ ಅಂದ್ಕೋಬೇಡ. ಆದ್ರೆ ಆ ಹುಡುಗನ ಬಾಳು ಹಾಳಾಗೋದು ಬೇಡ."

ಮರುದಿನ ಭಾನುವಾರ. ನಯನ ಕುಬಟೂರಿಗೆ ಹೋದಳು. ಬಾಗಿಲು ತೆರೆದವಳು ಮೈತ್ರಿ. ಕಣ್ಣು ಊದಿಕೊಂಡಿತ್ತು.

"ಹೇಳಿದೆ" ಎಂದಳು ನಯನ. "ಎಲ್ಲರಿಗೂ. ಗಂಡಿನ ವಿಷಯ ನಿನ್ನಿಂದ ಮುಚ್ಚಿಟ್ಟಿದ್ದು ತಪ್ಪು ಕಣೇ... ಆದ್ರೆ ಒಪ್ಕೊಂಡಿರಲಿಲ್ಲ."

"ಮನೇಲಿ... ಏನಂದ್ರು?"

"ಅಪ್ಪ ನನ್ನ ಜೊತೆ ಊಟಕ್ಕೆ ಕೂತಿಲ್ಲ. ಅವ್ವ ಅಳ್ತಾನೇ ಇದಾಳೆ. ಹೊರಡುವಾಗ, ಬಿಸಿಲಿದೆ ತಲೆಗೆ ಸೆರಗು ಹಾಕ್ಕೋ ಅಂದ್ಲು... ಅಷ್ಟೇ."

"ಹೇಳಬಾರದಿತ್ತು ಅನಿಸ್ತಿದ್ಯಾ?"

"ಭಯ ಆಗ್ತಿದೆ. ಆದ್ರೆ ಹಂಗೆ ಅನಿಸ್ತಿಲ್ಲ."

ಮೈತ್ರಿ ಬಿಕ್ಕಿದಳು. "ನಿನಗೆ ಷರತ್ತು ಹಾಕಿದ ನಾನೇ ನಮ್ಮವ್ವಂಗೆ ಇನ್ನೂ ಹೇಳಿಲ್ಲ ನಯನ! ಯಾವ ಮುಖ ಇಟ್ಕೊಂಡು..."

"ಗೊತ್ತು ಕಣೇ."

ಒಳಗೆ ಮೈತ್ರಿಯ ತಾಯಿ ಹುಲಿಯಮ್ಮ ರೊಟ್ಟಿ ತಟ್ಟುತ್ತಿದ್ದಳು. ಮೈತ್ರಿ ಕಣ್ಣೊರೆಸಿಕೊಂಡು ನಯನಳ ಕೈ ಹಿಡಿದಳು.

"ಇವತ್ತೇ ಹೇಳ್ತೀನಿ. ಪಕ್ಕದಲ್ಲಿ ಇರ್ತೀಯಾ?"

"ಇರ್ತೀನಿ. ನಿಮ್ಮವ್ವ ಮನೆ ಬಿಟ್ಟು ಹೊರಗೆ ನಡಿ ಅಂದ್ರೆ?"

"ಇಬ್ರೂ ಜಗಲಿ ಮೇಲೆ ಕೂತ್ಕೊಳ್ಳೋಣ... ಅವ್ವ ಮತ್ತೆ ಕರೆಯೋವರೆಗೂ."