ಇಬ್ಬರೂ ಕಂಡರೆ ಮಾತ್ರ

ಪೆಟ್ಟಿಗೆಯ ಬೀಗ ತೆಗೆದಿತ್ತು, ಒಡೆದಿರಲಿಲ್ಲ. ಒಳಗಿದ್ದ ಹನ್ನೊಂದು ಎಣಿಕೆ ಪುಸ್ತಕಗಳಲ್ಲಿ ಈ ಬೇಸಿಗೆಯದೊಂದೇ ಮಾಯ. ಬೆರಳಿನಿಂದ ಸವರಿ ಎಣಿಸಿ, ಠಾಣೆಗೆ ಫೋನ್ ಮಾಡಿದವರು ನಿವೃತ್ತ ಮೇಷ್ಟ್ರು.

ಇನ್ಸ್‌ಪೆಕ್ಟರ್ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದಳು. ಕಡಲಿಗೆ ಚಾಚಿದ ಆ ತುದಿಯ ಕೋಣೆಯಲ್ಲಿ ಮೇಷ್ಟ್ರೂ ಅವರ ತಂಗಿಯೂ ಬೇಸಿಗೆಯಿಡೀ ಕೂತು ಕಡಲಹಂದಿ ಎಣಿಸುತ್ತಿದ್ದರು. ಡಾಲ್ಫಿನ್ನಿನ ಈ ಪುಟ್ಟ ನೆಂಟರು ಉಸಿರಿಗೆಂದು ಮೇಲೆ ಬರುವುದು ಒಂದೇ ಕ್ಷಣ. ಅಣ್ಣ ಟೆಲಿಸ್ಕೋಪಿನಲ್ಲಿ ಕಂಡು ಕೂಗಬೇಕು. ತಂಗಿ ಬೈನಾಕ್ಯುಲರ್‌ನಲ್ಲಿ ನೋಡಿ ಹೂಂ ಎಂದು ಬರೆಯಬೇಕು. ಇಬ್ಬರೂ ಕಂಡರೆ ಮಾತ್ರ ಲೆಕ್ಕ.

ನಾಳೆ ಬಂದರು ಯೋಜನೆಯ ಸಾರ್ವಜನಿಕ ವಿಚಾರಣೆ. ಪ್ರಾಣಿಗಳು ಇನ್ನೂ ಇವೆಯೆಂದು ಪುಸ್ತಕ ತೋರಿಸಿದರೆ ಬಂದರು ಕಂಪನಿ ಕಡಲಬಂಡೆ ಸಿಡಿಸುವಂತಿಲ್ಲ.

"ಕಂಪನಿಯವರದ್ದೇ ಕೆಲಸ," ಎಂದರು ಮೇಷ್ಟ್ರು. "ನಿನ್ನೆ ಕೂಡ ಎರಡಿದ್ವು. ಒಂದು ಮರಿ."

* * *

ಕಂಪನಿಯ ಕಾವಲುಗಾರ ಬೆಳಿಗ್ಗೆ ಗುಡ್ಡ ಹತ್ತಿದ್ದು ನಿಜ. ಮೊಬೈಲಿಗೆ ಸಿಗ್ನಲ್ ಸಿಗುವುದು ಅಲ್ಲಷ್ಟೇ ಎಂದ. ಇನ್ಸ್‌ಪೆಕ್ಟರ್ ನಂಬದೆ ಕರೆಗಳ ದಾಖಲೆ ತರಿಸಿದಳು. ಪಾಪ, ಪೂರಾ ಒಂದು ಗಂಟೆ ಹೆಂಡತಿಯಿಂದ ಮಂಗಳಾರತಿ ಮಾಡಿಸಿಕೊಂಡಿದ್ದ.

* * *

ಮಧ್ಯಾಹ್ನ ಮತ್ತೆ ಹೋದಾಗ ಮೇಷ್ಟ್ರು ಹೊರಗೆ ಬೆಂಚಿನ ಮೇಲಿದ್ದರು. ಅವಳು ಸುಮ್ಮನೆ ಟೆಲಿಸ್ಕೋಪಿಗೆ ಕಣ್ಣಿಟ್ಟಳು. ಗಾಜಿನೊಳಗೆಲ್ಲ ಬೂಷ್ಟು. ಕಡಲೂ ಇಲ್ಲ, ಆಕಾಶವೂ ಇಲ್ಲ. ಇದರಲ್ಲಿ ನಿನ್ನೆ ಮರಿ ಕಾಣಲು ಹೇಗೆ ಸಾಧ್ಯ?

ತಂಗಿಯನ್ನು ಬಾಗಿಲ ಬಳಿ ಕರೆದಳು.

"ಕಂಪನಿಯವ್ರು ಕದ್ದಿದ್ರೆ ಹಳೇ ಪುಸ್ತಕಗಳನ್ನ ಬಿಡ್ತಿರಲಿಲ್ಲ. ಅವುಗಳ ತುಂಬ ಕಡಲಹಂದಿಗಳೇ. ಬೀಗದ ಕೈ ಇರೋದು ನಿಮ್ಮಿಬ್ಬರ ಹತ್ರ. ಮೇಷ್ಟ್ರಿಗೆ ಕಣ್ಣು ಹೋಗಿದೆ, ಇಲ್ದಿದ್ರೆ ಟೆಲಿಸ್ಕೋಪಿನೊಳಗಿನ ಬೂಷ್ಟು ಕಾಣ್ತಿತ್ತು. ಅವ್ರು ಕೂಗಿದ್ದನ್ನ ನೀವು ಬರೀಲಿಲ್ಲ, ಅಲ್ವಾ?"

ತಂಗಿ ಚೀಲದಿಂದ ಪುಸ್ತಕ ತೆಗೆದುಕೊಟ್ಟರು. ಅರವತ್ತೆರಡು ದಿನ, ಅರವತ್ತೆರಡು ಸೊನ್ನೆ.

"ಅವು ಬರ್ಲೇ ಇಲ್ಲ ಮೇಡಂ. ಅಣ್ಣ ಕೂಗಿದಾಗೆಲ್ಲ ಹೂಂ, ಕಂಡೆ ಅಂದೆ. ಸುಳ್ಳು ಬರೆಯೋಕೆ ಮಾತ್ರ ಕೈ ಬರ್ಲಿಲ್ಲ. ನಾಳೆ ಎಲ್ಲರೆದುರು ಇದನ್ನ ಓದಿದ್ರೆ ಅವನು ಉಳಿಯಲ್ಲ."

ಮೇಷ್ಟ್ರು ಬೆಂಚಿನಿಂದ ಎದ್ದು ಬಂದಿದ್ದನ್ನು ಇಬ್ಬರೂ ಗಮನಿಸಿರಲಿಲ್ಲ. ಅವರು ಗೋಡೆ ಹಿಡಿದು ನಿಂತಿದ್ದರು.

"ನಂಗೆ ಕಾಣಲ್ಲ ಅಂತ ನಂಗೆ ಗೊತ್ತಿತ್ತಮ್ಮ," ಎಂದರು ತಂಗಿಗೆ. "ಬಾಯಿಗೆ ಬಂದಿದ್ದು ಕೂಗ್ತಿದ್ದೆ. ನೀನು ಹೂಂ ಅಂತಿದ್ದೆಯಲ್ಲ, ಅದಕ್ಕೇ ಅವು ಇನ್ನೂ ಇವೆ ಅಂದ್ಕೊಂಡೆ."

ತಂಗಿ ಹೋಗಿ ಅಣ್ಣನ ಕೈ ಹಿಡಿದರು. ಕಳ್ಳರನ್ನು ಹಿಡಿದದ್ದಕ್ಕೆ ಇನ್ಸ್‌ಪೆಕ್ಟರಿಗೆ ಮೊದಲ ಸಲ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಪುಸ್ತಕವನ್ನು ನಾಳೆ ವಿಚಾರಣೆಗೆ ಒಪ್ಪಿಸಲೇಬೇಕಿತ್ತು.